ನಾಯಿಯ ಮಂಡಿನೋವು, ಮನೆಯವರ ಪೀಕಲಾಟ

ಪಾಂಡವಪುರದ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದೊಂದು ದನಕರುಗಳ ಔಷಧಿ ಅಂಗಡಿ. ಈಚೆಗೆ ನಾಯಿಗಳ ಆಹಾರವನ್ನೂ ಇಟ್ಟಿದ್ದೇನೆ. ಹಸುವಿನ ಔಷಧಿಗೆ ಬಂದವರು ಸಮಾಧಾನವಾಗಿ ಬಂದು ಹೋಗುತ್ತಾರೆ. ನಾಯಿಯ ಕಾಲುನೋವು ಅಂತ ಬಂದವರು ಮಾತ್ರ ನನ್ನ ಜೀವವನ್ನೂ ಬಾಯಿಗೆ ತಂದೇ ಹೋಗುತ್ತಾರೆ.

ಸೊಂಟದೆತ್ತರದ ನಾಯಿ

ಹೊಣಕೆರೆ ಕಡೆಯ ರೈತರೊಬ್ಬರು ಬಂದರು. ನಾಯಿ ಕುಂಟುತ್ತಿದೆ, ಡಾಕ್ಟರು ಕೀಲುನೋವಿನ ಪುಡಿ ಕೊಡಿ ಅಂದಿದ್ದಾರಂತೆ. ಅದನ್ನು ನಾಯಿಯ ಗಾತ್ರ ನೋಡಿ ಕೊಡಬೇಕು.

"ಎಷ್ಟು ದೊಡ್ಡದಣ್ಣ?"

ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದರು. "ಇಷ್ಟೆತ್ರ ಬತ್ತದೆ ಕಣಕ್ಕ."

ದೊಡ್ಡ ನಾಯಿಯ ಡಬ್ಬ ಕೊಟ್ಟು ಕಳಿಸಿದೆ. ಅವರು ಬೈಕ್ ಹತ್ತಿದಾಗ ನೋಡುತ್ತೇನೆ, ಹಿಂದೆ ಕೂತ ಮಗಳ ತೊಡೆಯ ಮೇಲೆ ಬೆಕ್ಕಿನಷ್ಟಿರುವ ಬಿಳಿ ಪಾಮೇರಿಯನ್. ಗಲ್ಲಾ ಹಾಗೇ ಬಿಟ್ಟು ಓಡಿದೆ. ಕಬ್ಬಿನ ಟ್ರಾಕ್ಟರು ಅಡ್ಡ ಬಂದಿದ್ದರಿಂದ ಕೈಗೆ ಸಿಕ್ಕರು.

"ಸೊಂಟದೆತ್ತರ ಅಂದ್ರಲ್ಲಣ್ಣ?" ಏದುಸಿರಲ್ಲೇ ಕೇಳಿದೆ.

"ಮಂಚದ ಮ್ಯಾಲೆ ನಿಂತ್ರೆ ಅಷ್ಟೇ ಬತ್ತದೆ ಕಣಕ್ಕ. ನೆಲಕ್ಕೆ ಎಲ್ಲಿ ಇಳೀತದೆ ಅದು."

ಯಾರೂ ಏನೂ ಹಾಕಲ್ಲ

ಶ್ರೀರಂಗಪಟ್ಟಣದ ಸಾಹೇಬರೊಬ್ಬರು ಲಾರಿ ಶೆಡ್ಡಿನಲ್ಲಿ ಸಾಕಿದ ಲ್ಯಾಬ್ರಡಾರ್ ಮೇಲೇಳಲಾರದಷ್ಟು ದಪ್ಪ. ಕಾಲುನೋವಿನ ಔಷಧಿಗಿಂತ ಮೊದಲು ತೂಕ ಇಳಿಸಿ ಅಂತ ಡಾಕ್ಟರು ಹೇಳಿದ್ದರು. ಕೊಬ್ಬು ಕಡಿಮೆಯ ಆಹಾರ ನಾನೇ ಕೊಡುತ್ತಿದ್ದೆ. ಆದರೂ ತೂಕ ಏರುತ್ತಲೇ ಹೋಯಿತು. ಕೊನೆಗೆ ಸಾಹೇಬರು ತಾಯಿ, ಹೆಂಡತಿ, ನಾಯಿ ಎಲ್ಲರನ್ನೂ ಅಂಗಡಿಗೇ ಕರೆತಂದು ನಿಲ್ಲಿಸಿದರು.

"ಮೇಡಂ ಮುಂದೆ ಸಚ್ ಹೇಳಿ, ಸುಳ್ಳು ಬೇಡ. ಕದ್ದು ತಿನ್ನಿಸ್ತಿರೋದು ಯಾರು?"

"ಯಾರೂ ಏನೂ ಹಾಕಲ್ಲ" ಎನ್ನುತ್ತಲೇ ಹೆಂಡತಿಯ ಕಣ್ಣು ತುಂಬಿತು. ಅಷ್ಟರಲ್ಲಿ ನಾಯಿ ಕಷ್ಟಪಟ್ಟು ಎದ್ದು, ಸಾಹೇಬರ ಜುಬ್ಬಾ ಜೇಬಿಗೆ ಮೂತಿ ತೂರಿಸಿ, ಅರ್ಧ ಬನ್ನು ಎಳೆದುಕೊಂಡಿತು.

ತಾಯಿ ಮೆಲ್ಲಗೆ ಹೇಳಿದರು, "ಅದಕ್ಕಾದ್ರೂ ಸಚ್ ಹೇಳೋಕೆ ಬರುತ್ತಲ್ಲ, ಬೇಟಾ."

ಮುದ್ದೆಯೊಳಗಿನ ಮಾತ್ರೆ

ಕೆ.ಆರ್. ಪೇಟೆಯ ನಿವೃತ್ತ ಮೇಷ್ಟರೊಬ್ಬರಿಗೂ ಮಂಡಿನೋವು, ಅವರ ನಾಯಿಗೂ ಮಂಡಿನೋವು. ನಾಯಿಯ ಮಾತ್ರೆಯನ್ನು ಮುದ್ದೆಯೊಳಗಿಟ್ಟು ತಿನ್ನಿಸುವುದು ಮೇಷ್ಟರ ಕೆಲಸ. ಒಂದು ಬೆಳಿಗ್ಗೆ ಅವರ ಹೆಂಡತಿ ಫೋನ್ ಮಾಡಿದರು.

"ಕನ್ನಡಕ ಆಕ್ದೆ ಮಾತ್ರೆ ಅದ್ಲುಬದ್ಲು ಮಾಡ್ಬುಟ್ಟವ್ರೆ ಕಣವ್ವ. ಇವ್ರುದು ನಾಯಿಗೆ, ನಾಯಿದು ಇವ್ರಿಗೆ."

ಮನುಷ್ಯರ ನೋವಿನ ಮಾತ್ರೆ ನಾಯಿಯ ಪ್ರಾಣಕ್ಕೇ ಕುತ್ತು ತರಬಹುದು. "ಈಗಲೇ ದನದ ಆಸ್ಪತ್ರೆಗೆ ಕರ್ಕೊಂಡೋಗಿ" ಎಂದೆ.

"ಆಟೋ ಬತ್ತಾ ಅದೆ" ಎಂದವರು ಫೋನ್ ಇಡಲಿಲ್ಲ. ಆ ಕಡೆ ಪಾತ್ರೆ ಉರುಳಿದ ಸದ್ದು.

"ಏನಾಯ್ತಮ್ಮ?"

"ಮಾತ್ರೆ ಸಿಕ್ತು ಕಣವ್ವ. ನಾಯಿ ಮುದ್ದೆ ತಿಂದ್ಕಂಡು ಮಾತ್ರೆ ಮಾತ್ರ ತಟ್ಟೆ ಪಕ್ಕ ಉಗುದ್ಬುಟ್ಟದೆ."

"ಪೂರ್ತಿ ಇದೆಯಾ?"

"ಒಂಚೂರೂ ಮುಕ್ಕಾಗಿಲ್ಲ."

ಆಗಲೇ ನನಗೆ ಮೇಷ್ಟರ ನೆನಪಾಗಿದ್ದು. "ಅವರು ಹೇಗಿದ್ದಾರೆ? ಅವರ ಡಾಕ್ಟರನ್ನ ಕೇಳಿದ್ರಾ?"

"ಕೇಳ್ದೆ, ಏನೂ ಆಗಕಿಲ್ಲ ಅಂದ್ರು. ನಾಯಿ ಮಾತ್ರೆ ಕುರಿ ಲಿವರ್ ವಾಸ್ನೆ ಒಡೀತದೆ, ಅಂಗಿದ್ರೂ ಚೀಪ್ಕಂಡು ತಿಂದವ್ರೆ. ನಮ್ಮನೇಲಿ ಮೂಸ್ ನೋಡ್ದೆ ತಿನ್ನೋರು ಇವ್ರೊಬ್ರೇ ಕಣವ್ವ."