ಸೀರಿಯಲ್ಲಿಗೆ ಅತ್ತೆಯ ಪಾಟೀಸವಾಲು

ನಮ್ಮತ್ತೆಯ ಎದುರು ಸುಳ್ಳು ಹೇಳಿ ದಕ್ಕಿಸಿಕೊಂಡವರು ಇನ್ನೂ ಹುಟ್ಟಿಲ್ಲ. ಎಲ್ಲೋ ಹುಟ್ಟಿದ್ದರೂ ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕಿನ ನಮ್ಮ ಮನೆಯಲ್ಲಂತೂ ಹುಟ್ಟಿಲ್ಲ. ಮದುವೆಯಾದ ಹೊಸತರಲ್ಲಿ ನಾನೂ ಒಂದಿಷ್ಟು ಪ್ರಯತ್ನಪಟ್ಟೆ, ಆಮೇಲೆ ಕೈಬಿಟ್ಟೆ. ಆದರೂ ಚಪಲ ನೋಡಿ! ಹೋದ ತಿಂಗಳು ಆಫೀಸಿನಿಂದ ತಡವಾಗಿ ಬಂದವಳು, "ಫ್ರೀವೇಯಲ್ಲಿ ಏನು ಟ್ರಾಫಿಕ್ಕು ಅತ್ತೆ, ಒಂದು ಗಂಟೆ ನಿಂತಲ್ಲೇ ನಿಂತಿದ್ದೆ" ಅಂದುಬಿಟ್ಟೆ. ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿ ಒಮ್ಮೆ ನೋಡಿದರು, ಒಮ್ಮೆ ಮಾತ್ರ.

"ಹೌದೇನವಾ? ಈ ಊರಾಗ ಟ್ರಾಫಿಕ್ಕಿನ ನಡುವ ಹುಬ್ಬು ತಿದ್ದೋರು ಬಂದು ನಿಂತಿರ್ತಾರೇನು?"

ನಾನು ಕನ್ನಡಿ ನೋಡಲು ಓಡಿದೆ. ಪಾರ್ಲರಿನವಳು ಒಂದೇ ಒಂದು ಕೂದಲು ಹೆಚ್ಚು ಕಿತ್ತಿದ್ದಳೋ ಏನೋ!

ಅತ್ತೆ ಧಾರವಾಡದ ಕೋರ್ಟಿನಲ್ಲಿ ಮೂವತ್ತೆರಡು ವರ್ಷ ಸ್ಟೆನೋ ಆಗಿದ್ದವರು. ಸಾಕ್ಷಿಕಟ್ಟೆ ಹತ್ತಿದವರು ಹೇಳಿದ್ದು, ನುಂಗಿದ್ದು, ತೊದಲಿದ್ದು, ಎಲ್ಲವನ್ನೂ ಶೀಘ್ರಲಿಪಿಯಲ್ಲಿ ಬರೆದುಕೊಂಡವರು. ಅಂಥವರು ರಿಟೈರಾಗಿ, ಗ್ರೀನ್ ಕಾರ್ಡು ಹಿಡಿದು ಮಗನ ಮನೆಗೆ ಬಂದರೆ ಆ ಕಣ್ಣು, ಆ ಕಿವಿ ಏನು ಮಾಡಬೇಕು ಹೇಳಿ? ಇಲ್ಲಿ ಪಕ್ಕದ ಮನೆಯವರು ಜಗಳವಾಡುವುದಿಲ್ಲ. ಆಡಿದರೂ ಕಿಟಕಿ ಮುಚ್ಚಿಕೊಂಡು ಆಡುತ್ತಾರೆ. ಕೊನೆಗೆ ಅತ್ತೆಯ ಕೈಗೆ ಸಿಕ್ಕಿದ್ದು ಒಂದು ಕನ್ನಡ ಸೀರಿಯಲ್ಲು.

ಎಂಟು ನೂರು ಕಂತು ದಾಟಿದರೂ ಮುಗಿಯುವ ಲಕ್ಷಣವಿಲ್ಲದ ಸೀರಿಯಲ್ಲು ಅದು. ಒಂದು ದೊಡ್ಡ ಮನೆ, ಅದರಲ್ಲಿ ಒಬ್ಬ ಒಳ್ಳೆಯ ಸೊಸೆ, ಒಬ್ಬ ಕೆಟ್ಟ ಸೊಸೆ, ಇಬ್ಬರಿಗೂ ಬುದ್ಧಿ ಹೇಳುವ ಅಜ್ಜಿ. ಅತ್ತೆ ಅದನ್ನು ನೋಡುತ್ತಿರಲಿಲ್ಲ, ವಿಚಾರಣೆಗೆ ತೆಗೆದುಕೊಳ್ಳುತ್ತಿದ್ದರು! ಸೋಫಾದ ತುದಿಯಲ್ಲಿ ನೆಟ್ಟಗೆ ಕೂತು, ತೊಡೆಯ ಮೇಲೆ ನೋಟುಬುಕ್ಕು, ಕೈಯಲ್ಲಿ ಪೆನ್ಸಿಲ್ಲು.

ಒಳ್ಳೆಯ ಸೊಸೆ ಬಸುರಿಯಾದದ್ದು ಒಂದು ಯುಗಾದಿಗೆ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಇನ್ನೊಂದು ಯುಗಾದಿಯೂ ದಾಟಿತು. ಅತ್ತೆ ಪುಟ ಹಿಂದೆ ತಿರುವಿ ಲೆಕ್ಕ ಹಾಕಿದರು. "ಹದಿನಾಲ್ಕು ತಿಂಗಳಾತು. ಹೊಟ್ಟ್ಯಾಗ ಆನಿಮರಿ ಐತಿ ಅಂದ್ರ ನಂದೇನೂ ತಕರಾರಿಲ್ಲ."

ಕೆಟ್ಟ ಸೊಸೆ ಅಡುಗೆಮನೆಯಲ್ಲಿ ಮಿಕ್ಸರ್ ತಿರುಗಿಸುತ್ತಾ ಅದರ ಜೊತೆಗೇ ತನ್ನ ಸಂಚನ್ನು ಬಾಯಿಬಿಟ್ಟು ಹೇಳಿಕೊಂಡಳು. "ಬಾಗಲದ ಹಿಂದ ನಿಂತಾಕಿಗೆ ಕೇಳಿಸ್ತಂತ. ಮಗ್ಗಲದಾಗ ನಿಂತಾಕಿಗೆ ಕೇಳಿಸಲಿಲ್ಲಂತ. ಆ ಮಿಕ್ಸರ್ ಯಾವ ಕಂಪನೀದು? ನಮಗೂ ಒಂದು ಬೇಕು."

ಅದೇ ಕೆಟ್ಟ ಸೊಸೆ ನಿದ್ದೆಯಲ್ಲಿದ್ದ ಅಜ್ಜಿಯ ಹೆಬ್ಬೆರಳಿಗೆ ಮಸಿ ಹಚ್ಚಿ ಆಸ್ತಿಯನ್ನೆಲ್ಲ ಬರೆಸಿಕೊಂಡ ದಿನವಂತೂ ಅತ್ತೆ ಎದ್ದೇ ನಿಂತರು. "ಸಬ್‌ರಿಜಿಸ್ಟ್ರಾರ್ ಎಲ್ಲಿ? ಸಾಕ್ಷಿ ಇಬ್ಬರು ಎಲ್ಲಿ? ಮಂಚದ ಕೆಳಗ ಅದಾರೇನು?"

ಸುದ್ದಿ ಹಬ್ಬಿತು. ಶನಿವಾರ ಮಧ್ಯಾಹ್ನ ವಾರದ ಕಂತುಗಳನ್ನೆಲ್ಲ ಒಟ್ಟಿಗೆ ನೋಡುವ ನಮ್ಮ ಹಾಲಿಗೆ ಜನ ಬರತೊಡಗಿದರು. ಉಡುಪಿಯ ಶಾಲಿನಿ ಬಂದಳು. ಎಮರಿವಿಲ್ಲಿನ ಅನಿಮೇಶನ್ ಸ್ಟುಡಿಯೋದಲ್ಲಿ ಬೊಂಬೆಗಳಿಗೆ ನೆರಳು ಬಿಡಿಸುವುದು ಅವಳ ಕೆಲಸ. ಲಿವರ್‌ಮೋರಿನ ಲ್ಯಾಬಿನಲ್ಲಿ ವಿಜ್ಞಾನಿಯಾಗಿದ್ದು ರಿಟೈರಾದ, ಬೆಂಗಳೂರಿನ ರಾವ್ ಅಂಕಲ್ ಬಂದರು. ಕಾಲೇಜು ಸೇರುವ ವಯಸ್ಸಿನ ನನ್ನ ಮಗಳು ಫೋನು ಪಕ್ಕಕ್ಕಿಟ್ಟು ಬಂದು ಕೂತಳು. ಇದಕ್ಕಿಂತ ದೊಡ್ಡ ಪವಾಡ ಬೇಕೆ?

ಒಂದು ದಿನ ಅತ್ತೆ, "ನಡು ಮಧ್ಯಾಹ್ನ ಅಂತಾರ, ಆ ಕಂಬದ ನೆರಳು ನೋಡ್ರಿ, ಹೊತ್ತು ಮುಳುಗೋ ಹೊತ್ತಿನದು" ಅಂದರು. ನೆರಳಿನ ಮೇಲೇ ಸಂಬಳ ಎಣಿಸುವ ಶಾಲಿನಿ ಬಾಯಿ ತೆರೆದು ಕೂತಳು.

"ಎಂತ ಕಣ್ಣು ಮಾರಾಯ್ರೆ ನಿಮ್ಮದು! ನಮ್ಮ ಸ್ಟುಡಿಯೋದಲ್ಲಿ ಇದಕ್ಕೆ ಮೂರು ಜನ ಇದ್ದಾರೆ, ಅವರಿಗೂ ಕಾಣುವುದಿಲ್ಲ."

"ಆ ಮೂರೂ ಮಂದಿ ಕೋರ್ಟಿನಾಗ ಕುಂತಿಲ್ಲವಾ" ಅಂದರು ಅತ್ತೆ.

ಆದರೆ ಅತ್ತೆಯ ತಾಳ್ಮೆ ಕೆಟ್ಟದ್ದು ಸೀರಿಯಲ್ಲಿನೊಳಗೇ ಕೋರ್ಟು ಬಂದಾಗ. ಜಡ್ಜು ಮರದ ಸುತ್ತಿಗೆ ಎತ್ತಿ ಠಕ್ ಠಕ್ ಎಂದು ಬಡಿದು "ಆರ್ಡರ್! ಆರ್ಡರ್!" ಅಂದರು. ಅತ್ತೆಗೆ ಯಾರೋ ತಮ್ಮ ತಲೆಗೇ ಬಡಿದಂತಾಯಿತು.

"ಮೂವತ್ತೆರಡು ವರ್ಷದಾಗ ನಾ ಕೋರ್ಟಿನೊಳಗ ಸುತ್ತಿಗಿ ನೋಡಿದ್ದು ಒಮ್ಮೆ. ಅದೂ ಕುರ್ಚಿ ಕಾಲು ಮುರದಾಗ, ಬಡಿಗ್ಯಾನ ಕೈಯಾಗ!"

ಅಂದೇ ಅರ್ಜಿ ತಯಾರಾಯಿತು. ನಂಬರು ಹಾಕಿ ನಲವತ್ತೊಂದು ತಪ್ಪುಗಳು, ಕಂತಿನ ಸಂಖ್ಯೆ ಸಮೇತ. ಕೊನೆಯಲ್ಲಿ "ಮಾನ್ಯರು ಪರಿಶೀಲಿಸಬೇಕಾಗಿ ವಿನಂತಿ", ಕೆಳಗೆ ಸಹಿ, ಫೋನ್ ನಂಬರು. ಸೀರಿಯಲ್ಲಿನ ಕೊನೆಗೆ ಓಡುವ ಹೆಸರುಗಳಲ್ಲಿ ಬರೆಯುವವರದನ್ನು ಹಿಡಿದು ಮಗಳು ಹೇಗೋ ಅವರಿಗೆ ತಲುಪಿಸಿದಳು. "ಅಜ್ಜಿ, ದೇ ವೋಂಟ್ ರಿಪ್ಲೈ" ಎಂದೂ ಹೇಳಿದಳು.

ಮೂರನೇ ದಿನ ಬೆಳಗ್ಗೆ, ನಾನು ಬೀನ್ಸು ಹೆಚ್ಚುತ್ತಿದ್ದಾಗ, ಅತ್ತೆಯ ಫೋನು ಹಾಡಿತು. ಅತ್ತೆಗೆ ಸ್ಪೀಕರ್ ಹಾಕಿಯೇ ಮಾತಾಡುವ ಅಭ್ಯಾಸ. ಬೆಂಗಳೂರಿನಿಂದ ಒಬ್ಬ ಹುಡುಗಿಯ ದನಿ.

"ನಮಸ್ಕಾರ ಅಮ್ಮ. ಆ ಸೀರಿಯಲ್ಲು ಬರೆಯೋಳು ನಾನೇ. ನೀವು ಹೇಳಿದ ನಲವತ್ತೊಂದರಲ್ಲಿ ಮೂವತ್ತೊಂಬತ್ತು ನನ್ನವೇ. ಎರಡು ಮಾತ್ರ ಡೈರೆಕ್ಟರ್ ಸಾರ್‌ದು."

ಜಗಳಕ್ಕೆ ಸೆರಗು ಬಿಗಿದು ಕೂತಿದ್ದ ಅತ್ತೆ ಒಂದು ಕ್ಷಣ ತಬ್ಬಿಬ್ಬಾದರು. ತಪ್ಪೊಪ್ಪಿಕೊಂಡವರನ್ನು ಏನು ಮಾಡುವುದು? ಪಾಪ, ಅವರ ಸರ್ವೀಸಿನಲ್ಲಿ ಅಂಥವರು ಬಂದದ್ದೇ ಕಮ್ಮಿ! "ಊಟ ಮಾಡಿಯೇನು ತಂಗಿ?" ಅಂದರು. ಹುಡುಗಿ ಇಲ್ಲವೆಂದಳು. ನಾಳೆಯ ದೃಶ್ಯ ಇನ್ನೂ ಬರೆದಿಲ್ಲ ಎಂದಳು. "ಮೊದಲ ಉಣ್ಣು. ಹಸದ ಹೊಟ್ಟ್ಯಾಗ ಬರದರ ಹಿಂಗ ಸುತ್ತಿಗಿ ಬರ್ತಾವ."

ಅಲ್ಲಿಂದ ಪ್ರತಿ ಗುರುವಾರ ಬೆಳಗ್ಗೆ ಫೋನು. ಮುಂದಿನ ಕೋರ್ಟಿನ ದೃಶ್ಯದಲ್ಲಿ ಜಡ್ಜಿನ ಕೈ ಖಾಲಿ! ಮೂಲೆಯಲ್ಲೊಬ್ಬಳು ಸ್ಟೆನೋ ಬೇರೆ ಕೂತಿದ್ದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ವಾಲ್ನಟ್ ಕ್ರೀಕಿನಲ್ಲಿ ಬೆಳ್ಳುಳ್ಳಿ ಸುಲಿಯುವ ಹೆಂಗಸೊಬ್ಬಳು ಬೆಂಗಳೂರಿನ ನ್ಯಾಯಾಧೀಶರ ಕೈಯಿಂದ ಸುತ್ತಿಗೆ ಕಿತ್ತುಕೊಂಡಳಲ್ಲ, ನಾನು ಎಂಥವರ ಜೊತೆ ಸಂಸಾರ ಮಾಡುತ್ತಿದ್ದೇನೆಂದು ನನಗೇ ಭಯವಾಯಿತು.

ಇಷ್ಟರವರೆಗೆ ಎಲ್ಲ ನಗುವೇ. ಒಂದು ಶನಿವಾರ ರಾವ್ ಅಂಕಲ್ ಹುರುಪಿನಿಂದ, "ಮೇಡಂ, ಈ ಸಲ ನಾನೊಂದು ಹಿಡಿದಿದೀನಿ! ಈ ಅಜ್ಜಿ ಎದ್ದು ನಿಂತು ಎಷ್ಟು ವಾರ ಆಯ್ತು? ಪೂಜೆನೂ ಕುರ್ಚಿ ಮೇಲೇ, ಜಗಳ ಬಿಡಿಸೋದೂ ಕುರ್ಚಿ ಮೇಲೇ! ಬರ್ಕೊಳ್ಳಿ!" ಅಂದರು.

ಅತ್ತೆ ಬರೆದುಕೊಳ್ಳಲಿಲ್ಲ. "ಐದು ವಾರ ಆತು" ಅಂದರು ಮೆಲ್ಲಗೆ. "ಬಳಿ ಮೊಣಕೈತನಕ ಜಾರ್ತಾವ. ಕುಪ್ಪಸದ ತೋಳಿಗೆ ಒಳಗಿಂದ ಪಿನ್ ಹಾಕ್ಯಾರ. ಒಂದು ಮಾತಿಗೆ ಎರಡು ಸಲ ಉಸಿರು ತಗೋತಾಳ. ಇದು ಸೀರಿಯಲ್ಲಿನ ತಪ್ಪಲ್ರೀ." ನೋಟುಬುಕ್ಕು ಮುಚ್ಚಿ ಚಹಾ ಮಾಡಲು ಹೋದರು.

ಗುರುವಾರ ಫೋನು ಬಂದಾಗ ನಾನು ಅಡುಗೆಮನೆಯಲ್ಲೇ ತರಕಾರಿ ಹೆಚ್ಚುತ್ತಿದ್ದೆ. "ತಂಗಿ, ಅಜ್ಜಿ ಪಾತ್ರ ಮಾಡೋರಿಗೆ ಆರಾಮಿಲ್ಲ, ಹೌದಲ್ಲ?" ಎಂದು ಅತ್ತೆ ಕೇಳಿದರು. ಆ ಕಡೆ ಹುಡುಗಿ ಅತ್ತಳು. ಕಾಯಿಲೆ ದೊಡ್ಡದು, ಹೊರಗೆ ಯಾರಿಗೂ ಹೇಳಿಲ್ಲ, ಸೆಟ್ಟಿಗೆ ಬರುವ ಶಕ್ತಿ ಇನ್ನಿಲ್ಲ ಎಂದಳು. ಬೇರೆಯವರನ್ನು ಹಾಕೋಣ ಅಂತ ಚಾನೆಲ್ಲಿನ ಮೇಲಿನವರು ಅನ್ನುತ್ತಿದ್ದಾರೆ. ಆದರೆ ಆಕೆ ಹುಡುಗಿಯ ಕೈಹಿಡಿದು, "ಕೆಲಸ ಒಂದು ಬಿಡಿಸಬೇಡಮ್ಮ. ಸುಮ್ಮನೆ ಮಲಗಿದರೆ ಇಡೀ ದಿನ ಕಾಯಿಲೆ ಮುಖವನ್ನೇ ನೋಡ್ತಾ ಇರಬೇಕಾಗುತ್ತೆ" ಅಂದಿದ್ದರಂತೆ.

ಅತ್ತೆ ಫೋನು ಕೆಳಗಿಟ್ಟು ಅಕ್ಕಿ ತೊಳೆದರು. ಒಂದು ಸಲ, ಎರಡು ಸಲ, ಏಳು ಸಲ. ಅಕ್ಕಿ ಪುಡಿಯಾದೀತೆಂದು ನಾನು ಪಾತ್ರೆ ಕಸಿದುಕೊಳ್ಳಬೇಕು ಅನ್ನುವಷ್ಟರಲ್ಲಿ ಒದ್ದೆ ಕೈಯಲ್ಲೇ ಮತ್ತೆ ಬೆಂಗಳೂರಿಗೆ ಫೋನು ಹಚ್ಚಿದರು.

"ತಂಗಿ, ಆಕಿನ್ನ ಅಮೆರಿಕಾಕ್ಕ ಕಳಸು."

"ಅಮ್ಮಾ?!"

"ಸೀರಿಯಲ್ಲಿನಾಗವಾ. ಮಮ್ಮಗಳ ಬಾಣಂತನಕ್ಕ ಅಂತ ಬರಿ. ಆಮ್ಯಾಲ ಬರೇ ವಿಡಿಯೋ ಕಾಲಿನಾಗ ಮಾತಾಡಲಿ. ತನ್ನ ಮನ್ಯಾಗ, ತನ್ನ ಹಾಸಿಗಿ ಮ್ಯಾಲೆ ಕುಂತು. ಹತ್ತು ನಿಮಿಷ ಶಕ್ತಿ ಇದ್ರ ಹತ್ತು ನಿಮಿಷ."

ನಾನು ಚಾಕು ಕೆಳಗಿಟ್ಟೆ. ಹದಿನಾಲ್ಕು ತಿಂಗಳ ಬಸಿರನ್ನು ಕ್ಷಮಿಸದ ಹೆಂಗಸು, ರಾತ್ರೋರಾತ್ರಿ ಪಾಸ್‌ಪೋರ್ಟೂ ಇಲ್ಲದ ಅಜ್ಜಿಯನ್ನು ಕ್ಯಾಲಿಫೋರ್ನಿಯಾಕ್ಕೆ ಹಾರಿಸುತ್ತಿದ್ದಾರೆ! ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿ, "ಈ ಮಾತು ಅಡಿಗಿಮನಿ ದಾಟಬಾರದು" ಅಂದರು. ನನ್ನ ಗಂಡನಿಗೂ ನಾನು ಹೇಳಲಿಲ್ಲ.

ಅಜ್ಜಿ ಬಂದರು, ಫೋನಿನ ಪರದೆಯಲ್ಲಿ. ಇಲ್ಲಿನ ಚಳಿ, ಬೇಸಿಗೆಯಲ್ಲಿ ಹೊಂಬಣ್ಣಕ್ಕೆ ತಿರುಗುವ ಗುಡ್ಡ, ಲಿವರ್‌ಮೋರಿನ ದೇವಸ್ಥಾನದ ಮೆಟ್ಟಿಲು, ಎಲ್ಲವನ್ನೂ ನೋಡಿದಂತೆಯೇ ಹೇಳಿದರು. ಅದೆಲ್ಲ ಅತ್ತೆ ಒದಗಿಸಿದ ಮಾಹಿತಿ. ಆದರೆ ಶಬ್ದವನ್ನು ಯಾರು ತಡೆಯಬೇಕು? ಅಜ್ಜಿ "ಇಲ್ಲಿ ಎಷ್ಟು ನಿಶ್ಶಬ್ದ ಗೊತ್ತಾ" ಎನ್ನುತ್ತಿದ್ದಂತೆ ಹಿಂದಿನಿಂದ ಕಾಗೆ ಕೂಗಿತು, ಕುಕ್ಕರು ಸೀಟಿ ಹಾಕಿತು, ಅದರ ಬೆನ್ನಿಗೇ "ಸೊಪ್ಪೋ... ದಂಟಿನ ಸೊಪ್ಪೋ..."

ನಗೆಯ ಅಬ್ಬರಕ್ಕೆ ನಮ್ಮ ಹಾಲಿನ ಸೂರೇ ಹಾರಿಹೋಯಿತು. ಶಾಲಿನಿ ಹೊಟ್ಟೆ ಹಿಡಿದುಕೊಂಡು, "ಅಮ್ಮಾ, ಕ್ಯಾಲಿಫೋರ್ನಿಯಾದಲ್ಲಿ ದಂಟಿನ ಸೊಪ್ಪು ಮಾರುವವಳು ಎಲ್ಲಿಂದ ಬಂದಳು?" ಅಂದಳು.

"ಬರ್ತಾಳ" ಅಂದರು ಅತ್ತೆ, ಕಣ್ಣು ಟಿವಿಯಿಂದ ಕೀಳದೆ. "ನೀವು ಆಫೀಸಿಗೆ ಹೋಗಿರ್ತೀರಿ."

ಸುಳ್ಳು! ಅಪ್ಪಟ ಸುಳ್ಳು! ಅದೂ ಯಾರ ಬಾಯಲ್ಲಿ! ಎಲ್ಲರೂ ಇನ್ನಷ್ಟು ನಕ್ಕರು. ನಾನೊಬ್ಬಳೇ ಅತ್ತೆಯ ಮುಖ ನೋಡುತ್ತಾ ಕೂತೆ. ಕಾಗೆ ಕೂಗಿದ್ದಕ್ಕೆ, "ಇಲ್ಲಿಯ ಕಾಗಿ ನೀವು ನೋಡಿಲ್ಲೇನು, ಕೋಳಿಯಷ್ಟು ಅದಾವ." ಪರದೆಯಲ್ಲಿ ಕಂಡ ಸೀಲಿಂಗ್ ಫ್ಯಾನಿಗೆ, "ಮಮ್ಮಗಳು ಊರಿಂದ ತರಸ್ಯಾಳ." ಒಂದೊಂದು ತಪ್ಪಿಗೂ ಒಂದೊಂದು ಜವಾಬು. ಜೀವಮಾನವಿಡೀ ಸುಳ್ಳುಸಾಕ್ಷಿ ಕೇಳಿದವರು ಎಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದರು!

ಹಲವು ವಾರ ಹೀಗೇ ನಡೆಯಿತು. ಒಂದು ಕಂತಿನಲ್ಲಿ ಅಜ್ಜಿ, ಒಳ್ಳೆಯ ಸೊಸೆಗೆ ಆಶೀರ್ವಾದ ಮಾಡಿ, ಫೋನು ಇಡುವ ಮುಂಚೆ ಸುಮ್ಮನೆ ನಕ್ಕರು. "ಇಲ್ಲಿ ನನಗೊಬ್ಬಳು ಗೆಳತಿ ಸಿಕ್ಕಿದ್ದಾಳೆ ಕಣೇ. ಇನ್ನೂ ಮುಖ ನೋಡಿಲ್ಲ. ಬಹಳ ಜೋರಂತೆ, ಎಲ್ಲದರಲ್ಲೂ ತಪ್ಪು ಹುಡುಕ್ತಾಳಂತೆ. ನನ್ನಲ್ಲಿ ಮಾತ್ರ ಒಂದೂ ಹುಡುಕಲಿಲ್ಲ."

ಅದು ಬರೆದುಕೊಟ್ಟ ಮಾತಾಗಿರಲಿಲ್ಲವೆಂದು ಹುಡುಗಿ ಆಮೇಲೆ ಹೇಳಿದಳು. ಅತ್ತೆ ಎದ್ದು ಹಿತ್ತಲಿಗೆ ಹೋದರು. ಒಣಗದೇ ಇದ್ದ ಬಟ್ಟೆಗಳನ್ನೆಲ್ಲ ಮಡಿಚಿಕೊಂಡು ಬಂದರು.

ಆ ಸುದ್ದಿ ಬಂದದ್ದು ಒಂದು ಮಂಗಳವಾರ, ಎಲ್ಲರ ಫೋನುಗಳಿಗೂ ಒಟ್ಟಿಗೆ. ಹುಡುಗಿಯ ಕರೆ ಗುರುವಾರದವರೆಗೆ ಕಾಯಲಿಲ್ಲ. ಸೀರಿಯಲ್ಲಿನಲ್ಲೂ ಅಜ್ಜಿಯ ಫೋಟೋಕ್ಕೆ ಹಾರ ಹಾಕಿ ಐದು ಕಂತು ಜನರನ್ನು ಅಳಿಸಬೇಕೆಂದು ಮೇಲಿನವರು ಹೇಳುತ್ತಿದ್ದಾರಂತೆ. ಅತ್ತೆ ಗೋಡೆಗೆ ಒರಗಿ ನಿಂತು ಕೇಳಿದರು.

"ಹಾರ ಹಾಕಬ್ಯಾಡವಾ" ಅಂದರು. "ಆಕಿನ್ನ ಅಲ್ಲೇ ಬಿಡು."

ಆ ಶನಿವಾರ ಎಲ್ಲರೂ ಬಂದರು. ಹೊತ್ತಲ್ಲದ ಹೊತ್ತಿನ ಬಾಣಂತನ, ಕುರ್ಚಿ, ಬಳೆ, ಅಮೆರಿಕ, ಎಲ್ಲ ಈಗ ಅವರಿಗೂ ಅರ್ಥವಾಗಿತ್ತು. ಟಿವಿಯಲ್ಲಿ ದೊಡ್ಡ ಮನೆಯ ಮಗ ಫೋನು ಹಿಡಿದು ನಿಂತಿದ್ದ. "ಸರಿ ಅಮ್ಮ, ನಿನಗೆ ಅಲ್ಲೇ ಹಿತವಾದರೆ ಅಲ್ಲೇ ಇರು. ನಮ್ಮ ಯೋಚನೆ ಮಾಡಬೇಡ" ಅಂದ. ಆ ಕಡೆಯ ಪರದೆಯನ್ನು ತೋರಿಸಲಿಲ್ಲ.

ನನ್ನ ಮಗಳು ಮೆಲ್ಲಗೆ, "ಬಟ್ ವಿಸಿಟರ್ ವೀಸಾ ಈಸ್ ಓನ್ಲಿ ಸಿಕ್ಸ್ ಮಂತ್ಸ್..." ಎಂದು ಶುರುಮಾಡಿ ನಿಲ್ಲಿಸಿದಳು. ರಾವ್ ಅಂಕಲ್ ಕನ್ನಡಕ ತೆಗೆದು ಒರೆಸಿದರು.

"ಎಕ್ಸ್‌ಟೆನ್ಶನ್ ಸಿಕ್ಕಿರತ್ತಮ್ಮ" ಅಂದರು.

ಅತ್ತೆ ಅವರ ಕಡೆ ನೋಡಿದರು. ಮೊಮ್ಮಗಳ ಕೈಯನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಹೌದ್ರೀ, ಸಿಕ್ಕೈತಿ. ಇಲ್ಲೇ ಎಲ್ಲೋ ನಮ್ಮ ಸನೇದಾಗ ಅದಾಳ."