ರಾಬಿನ್ ನೋಡದೆ ಊರಿಗೆ ಬರೋದಿಲ್ಲ

ಕೆಲವರಿಗೆ ಶನಿ ಕಾಡುತ್ತಾನಂತೆ, ನನಗೆ ಹಕ್ಕಿಗಳು ಕಾಡುತ್ತವೆ. ಕೊರಳಿಗೆ ದುರ್ಬೀನು ಹಾಕಿಕೊಂಡ ದಿನದಿಂದ ಫಜೀತಿ ತಪ್ಪಿದ್ದೇ ಇಲ್ಲ. ನಮ್ಮೂರು ನರೇಗಲ್ಲಿನಲ್ಲಿದ್ದರೂ ಅಷ್ಟೇ, ಆಮ್‌ಸ್ಟರ್‌ಡ್ಯಾಮಿಗೆ ಹೋದರೂ ಅಷ್ಟೇ.

ಹೊರಡುವ ಮೊದಲು

ನಮ್ಮದು ಕಾಳುಕಡಿ ವ್ಯಾಪಾರ. ಪ್ರವಾಸದ ಗುಂಪೊಂದರ ಜೊತೆ ನಾನೂ ನನ್ನ ಹೆಂಡತಿಯೂ ಆಮ್‌ಸ್ಟರ್‌ಡ್ಯಾಮಿಗೆ ಹೊರಟ ಸುದ್ದಿ ಕೇಳಿ, ನನಗೆ ಹಕ್ಕಿ ನೋಡಲು ಕಲಿಸಿದ ಮುಶಿಗೇರಿಯ ಮಾಸ್ತರರು ಅಂಗಡಿಗೆ ಬಂದರು.

"ಅಲ್ಲಿ ರಾಬಿನ್ ಅಂತ ಒಂದು ಹಕ್ಕಿ ಐತ್ರಿ. ಗುಬ್ಬಿಯಷ್ಟ ಇರ್ತತಿ, ಎದಿ ಕೆಂಪು. ನಾ ಪುಸ್ತಕದಾಗಷ್ಟ ನೋಡೇನಿ. ಅದನ್ನ ನೋಡಿ ಒಂದು ಫೋಟೋ ತರೂದು ನಿಮ್ಮ ಕೈಲೆ ಆಗ್ತತೇನು?"

ಗಿರಾಕಿಗಳೆಲ್ಲ ಕಿವಿ ಕೊಟ್ಟು ನಿಂತಿದ್ದರು. "ಅದನ್ನ ನೋಡದ ಊರಿಗೆ ಬರೂದಿಲ್ರಿ" ಎಂದುಬಿಟ್ಟೆ. ಆಡಿದ ಮಾತು ಆಡಿದ್ದೇ. ಇನ್ನು ಬರಿಗೈಲಿ ಬಂದರೆ ಅಂಗಡಿಯಲ್ಲಿ ಕೂರುವುದು ಹೇಗೆ?

ಒಬ್ಬ ಗಿರಾಕಿ ತಲೆ ಕೆರೆದುಕೊಂಡ. "ಸಾವ್ಕಾರ್ರ, ಇಲ್ಲಿ ಗುಬ್ಬಿ ಬಂದ್ರ ಕೋಲ್ ಹಿಡದು ಓಡಸ್ತೀರಿ. ಅಲ್ಲಿ ವಿಮಾನ ಹತ್ತಿ ಹೋಗಿ ನೋಡ್ತೀರಿ?"

"ಅಲ್ಲೀ ಹಕ್ಕಿ ನನ್ನ ಜ್ವಾಳ ತಿಂದಿಲ್ಲೋ" ಎಂದೆ.

ಹಸಿರು ಗುಂಪು

ಹೋಟೆಲಿನ ಪಕ್ಕದಲ್ಲೇ ದೊಡ್ಡ ಉದ್ಯಾನ. ಮೊದಲ ದಿನ ಬೆಳಕು ಹರಿಯುತ್ತಲೇ ಮಂಗ್ಯಾನ ಟೊಪ್ಪಿಗೆ ಹಾಕಿಕೊಂಡು ಹೊರಟೆ. ಹೆಂಡತಿ ಶಾಲು ಹೊದ್ದು, ಬುತ್ತಿಗಂಟಿನೊಂದಿಗೆ ಒಂದು ಬೆಂಚಿನ ಮೇಲೆ ಕುಳಿತಳು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಅಷ್ಟರಲ್ಲಿ ಮರದ ತುದಿಯಲ್ಲಿ ಏನೋ ಕಿರುಚಾಡಿತು. ದುರ್ಬೀನು ಎತ್ತಿದೆ. ಗಿಳಿ! ಒಂದಲ್ಲ, ಹಿಂಡು ಹಿಂಡು. ನಮ್ಮ ಊರಿನವೇ, ಕೊರಳಿಗೆ ಅದೇ ಪಟ್ಟಿ. ದುರ್ಬೀನು ಹಿಡಿದಿದ್ದ ಅಲ್ಲಿಯ ಹೆಂಗಸೊಬ್ಬಳು, ಇವು ಇಂಡಿಯಾದ ಕಡೆಯವು, ಈಗ ಇಲ್ಲಿಯೇ ಸಂಸಾರ ಹೂಡಿವೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ನಾನು ಕನ್ನಡದಲ್ಲಿ ಹೇಳುತ್ತಲೇ ನನ್ನ ಹೆಂಡತಿಗೆ ಸಿಟ್ಟು ಬಂತು. "ವೀಸಾಕ್ಕ ನಮ್ಮ ಹತ್ತೂ ಬೆರಳು ಒತ್ತಿಸಿಕೊಂಡ್ರು. ಇವನ್ನ ಹ್ಯಾಂಗ ಬಿಟ್ರು?"

ಕೆಂಪು ಕಂಡಿತು

ಎರಡನೆಯ ದಿನ ಪೊದೆಯೊಳಗೆ ಕೆಂಪಗೆ ಕಂಡಿತು. ಹಸಿ ಹುಲ್ಲಿನ ಮೇಲೆ ಬೋರಲು ಬಿದ್ದು, ಉಸಿರು ಬಿಗಿಹಿಡಿದು ನೋಡುತ್ತಲೇ ಇದ್ದೆ. ಹಕ್ಕಿಯೂ ನನ್ನಂತೆಯೇ ಹಟಮಾರಿ, ಅಲುಗಲಿಲ್ಲ. ನನ್ನನ್ನು ಹುಡುಕಿಕೊಂಡು ಇಡೀ ಗುಂಪೇ ಬಂತು, ಹೊರಡಬೇಕಾದ ಬಸ್ಸೂ ನಿಂತಿತು. ಎಲ್ಲರಿಗೂ ಸರದಿಯಲ್ಲಿ ತೋರಿಸಿದೆ. ಎಲ್ಲರೂ "ಭಾಳ ಚಂದ ಐತ್ರಿ" ಎಂದರು. ನಾನು ಉಬ್ಬಿಹೋದೆ.

ಕೊನೆಗೆ ಗಜೇಂದ್ರಗಡದ ಅಜ್ಜಿಯೊಬ್ಬರು ಕನ್ನಡಕ ತೆಗೆದು, ದುರ್ಬೀನಿಗೆ ಕಣ್ಣು ಹಚ್ಚಿ ನಿಧಾನವಾಗಿ ನೋಡಿದರು. "ತಮ್ಮಾ, ಇದಕ್ಕ ಐದು ಬೆರಳು ಅದಾವಲ್ಲೋ."

ಯಾವುದೋ ಮಗುವಿನ ಕೈಗವಸು.

ಚರಗ

ಕೊನೆಯ ದಿನ ಎಳ್ಳ ಅಮಾವಾಸ್ಯೆ. ಊರಲ್ಲಿದ್ದರೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಿದ್ದೆವು. ಮುಂದಿನವರು "ಹುಲ್ಲುಲ್ಲಿಗೋ" ಎಂದು ಕೂಗಿ ಭೂಮಿಗೆ ಎಡೆ ಚೆಲ್ಲಬೇಕು, ಹಿಂದಿನವರು "ಚಳ್ಳಾಂಬ್ರಿಗೋ" ಎಂದು ಕೂಗಿ ನೀರು ಚಿಮುಕಿಸಬೇಕು. ನನ್ನ ತಲೆಯಲ್ಲಿ ಅದೊಂದೂ ಇರಲಿಲ್ಲ. ಮಧ್ಯಾಹ್ನ ವಿಮಾನ, ರಾಬಿನ್ ಇನ್ನೂ ಕಂಡಿಲ್ಲ. ಪೊದೆಯ ಹಿಂದೆ ಕಲ್ಲಿನಂತೆ ಕುಳಿತೆ.

ಬಂತು! ಗುಬ್ಬಿಯಷ್ಟು ಗಾತ್ರ, ಕೆಂಪು ಎದೆ, ಸಾಕ್ಷಾತ್ ರಾಬಿನ್. ಬೆನ್ನು ನನ್ನ ಕಡೆ ತಿರುಗಿಸಿತು. ಮಾಸ್ತರರಿಗೆ ಎದೆ ಕಾಣುವ ಫೋಟೋ ಬೇಕಲ್ಲ, ತಿರುಗಲಿ ಎಂದು ಕ್ಯಾಮೆರಾ ಹಿಡಿದು ಕಾದೆ. ಅದು ಇನ್ನೇನು ತಿರುಗಬೇಕು, ಅತ್ತ ಬೆಂಚಿನ ಕಡೆಯಿಂದ ಹೆಂಡತಿಯ ದನಿ ಕೇಳಿತು:

"ಹುಲ್ಲುಲ್ಲಿಗೋ!"

ಹುಟ್ಟಿದಾಗಿನಿಂದ ಬಂದ ರೂಢಿ. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

"ಚಳ್ಳಾಂಬ್ರಿಗೋ!" ಎಂದು ಪೊದೆಯೇ ನಡುಗುವಂತೆ ಕೂಗಿದೆ.

ಹಕ್ಕಿ ಪುರ್ರೆಂದು ಹಾರಿಹೋಯಿತು. ಅಳು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಎದ್ದು ದುಡುದುಡು ಹೆಂಡತಿಯ ಬಳಿ ಹೋದೆ. "ಏನ್ ಮಾಡಿದಿ ನೀ? ಈ ಸುಡುಗಾಡ ಚಳ್ಯಾಗ ನಾ ಕಾದಿದ್ದೆಲ್ಲ ಹಾಳಾತು."

"ಸಾವಕಾಶ ಮಾತಾಡ್ರಿ" ಎಂದು ಅವಳು ತುಟಿಯ ಮೇಲೆ ಬೆರಳಿಟ್ಟಳು. "ಇದು ಅಂಜತೈತಿ."

ಅವಳ ಚಪ್ಪಲಿಯ ಪಕ್ಕದಲ್ಲಿ ರಾಬಿನ್ ಸಜ್ಜೆ ರೊಟ್ಟಿ ಕುಕ್ಕುತ್ತಿತ್ತು.

ಅಲ್ಲೇ ಕುಕ್ಕರಿಸಿ ಪಿಸುಗುಟ್ಟಿದೆ: "ಇದು... ಇದು ಯಾವಾಗ ಬಂತು?"

"ದಿನಾ ಬರ್ತತ್ರಿ, ಮೊದಲನೇ ದಿನದಿಂದ. ನಿಮಗ ತೋರಸೂಣು ಅಂದ್ರ, ನೀವು ಹಕ್ಕಿ ನೋಡಾಕ ಹೋಗಿರ್ತಿದ್ರಿ."