ನನ್ನ ತಮ್ಮನ ಕಚ್ಚದ ನಾಯಿ

ಸೋಮವಾರ, ಬೆಳಗ್ಗೆ ಏಳು ಗಂಟೆ ನಲವತ್ತು ನಿಮಿಷ. ಸ್ಥಳ, ಗುಂಡ್ಲುಪೇಟೆಯಲ್ಲಿ ನನ್ನ ತಮ್ಮನ ಮನೆಯ ಗೇಟು. ಹಾಜರಿದ್ದವರು: ಗೇಟಿನ ಹೊರಗೆ ನಾನು, ಒಳಗೆ ತಮ್ಮ, ನಡುವೆ ಹಲ್ಲು ತೋರಿಸುತ್ತಾ ಅವನ ನಾಯಿ. ಚಾಮರಾಜನಗರದಲ್ಲಿ ಮೂವತ್ತು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದವಳು ನಾನು. ಹಾಜರಿ ಹಾಕದೆ ನನಗೆ ಮಾತು ಮುಂದೆ ಹೋಗುವುದಿಲ್ಲ.

ಒಂದು ವಿಷಯ ಮೊದಲೇ ಒಪ್ಪಿಬಿಡುತ್ತೇನೆ. ನಾಯಿಯ ಮನಸ್ಸನ್ನು ನನ್ನ ತಮ್ಮನಷ್ಟು ಬಲ್ಲವರು ಈ ಜಿಲ್ಲೆಯಲ್ಲೇ ಇಲ್ಲ. ಹಾಗೆಂದು ಅವನೇ ಹೇಳುತ್ತಾನೆ. ಈ ಸಂಗತಿಯನ್ನು ನಾಯಿಗೆ ಮಾತ್ರ ಇನ್ನೂ ಯಾರೂ ತಿಳಿಸಿಲ್ಲ!

"ಒಳಕ್ ಬಾ ಅಕ್ಕ, ಕಚ್ಚಕಿಲ್ಲ," ಎಂದ.

"ಮೊದ್ಲು ಅದ್ನ ಕಟ್ಲಾ."

"ಇವತ್ತು ಸ್ವಾಮಾರ ಕಣಕ್ಕ!"

ಇದು ಅವನ ಸ್ವಂತ ಶಾಸ್ತ್ರ. ನಾಯಿ ಭೈರವನ ವಾಹನವಂತೆ, ಸೋಮವಾರ ಶಿವನ ವಾರವಂತೆ, ಆದ್ದರಿಂದ ಅಂದು ನಾಯಿಗೆ ಸರಪಳಿ ಹಾಕಬಾರದಂತೆ. ನಮ್ಮ ಮನೆತನದಲ್ಲಿ ತಲೆತಲಾಂತರದಿಂದ ಶಿವಪೂಜೆ ನಡೆದುಬಂದಿದೆ. ಇಂಥ ಕಾನೂನನ್ನು ನಾನೂ ಕೇಳಿರಲಿಲ್ಲ, ನಮ್ಮಪ್ಪನೂ ಕೇಳಿರಲಿಲ್ಲ. ಕೇಳಿದ್ದು ನಾಯಿ ಒಂದೇ ಇರಬೇಕು. ಅದು ಕಚ್ಚಿರುವುದೆಲ್ಲ ಸೋಮವಾರವೇ! ಆ ಮನೆಯಲ್ಲಿ ವೇಳಾಪಟ್ಟಿ ಪಾಲಿಸುವ ಪ್ರಾಣಿ ಅದೊಂದೇ ಎಂದು ನನಗೆ ಅದರ ಮೇಲೆ ಸ್ವಲ್ಪ ಗೌರವವೂ ಇತ್ತು.

ನಾನು ಅವನ ಮನೆಗೆ ಬರುವುದು ಭಾನುವಾರ. ಆದರೆ ನಾದಿನಿ ಉಮ್ಮತ್ತೂರಿನ ತವರಿಗೆ ಹೋಗಿದ್ದಳು. "ಅವ್ರು ಊಟ ಮಾಡ್ತಾವ್ರೋ ಇಲ್ವೋ, ಒಂದ್ಸಲ ನೋಡ್ಕ ಬನ್ನಿ ಅಕ್ಕ," ಎಂದು ಫೋನು ಮಾಡಿದ್ದಳು. ಹಾಗಾಗಿ ಈ ಅಪಾಯದ ದಿನ ಬಂದೆ. ಕೊಡೆಯನ್ನು ಕತ್ತಿಯ ಹಾಗೆ ಮುಂದೆ ಚಾಚಿಕೊಂಡು ಒಳಗೆ ಹೋದೆ. ಒಳಗೆ ಹೋದ ಮೇಲೆ ತಿರುಗಿ ನೋಡುತ್ತೇನೆ, ಗೇಟಿನ ಒಳಮುಖಕ್ಕೆ ಹೊಸ ಬೋರ್ಡು: 'ನಾಯಿ ಇದೆ, ಎಚ್ಚರಿಕೆ.'

"ಇದೇನ್ಲಾ, ಬೋರ್ಡು ಒಳಗಡೆ?"

"ಆಚೆ ಆಕುದ್ರೆ ಸಾಧೂಗೆ ಬೇಜಾರಾಯ್ತದೆ."

ಸಾಧು ಎಂದರೆ ಆ ನಾಯಿ. ಎಚ್ಚರಿಕೆ ಬೇಕಾದವರು ಒಳಗೆ ಬಂದು, ಕಚ್ಚಿಸಿಕೊಂಡು, ಹೋಗುವಾಗ ಓದಿಕೊಳ್ಳಬಹುದು. ಎಂಥ ಅನುಕೂಲ!

ಕಚ್ಚಿಸಿಕೊಂಡವರದೇ ತಪ್ಪು ಎನ್ನುವುದು ಅವನ ಎರಡನೆಯ ಶಾಸ್ತ್ರ. ಗ್ಯಾಸ್ ಸಿಲಿಂಡರ್ ತಂದವನಿಗೆ ಕಚ್ಚಿತು. ಅವನು ಓಡಬಾರದಿತ್ತಂತೆ. ಕರೆಂಟ್ ಮೀಟರ್ ನೋಡಲು ಬಂದವನಿಗೆ ಕಚ್ಚಿತು. ಅವನು ನಿಲ್ಲಬಾರದಿತ್ತಂತೆ. ಓಡುವ ಹಾಗಿಲ್ಲ, ನಿಲ್ಲುವ ಹಾಗಿಲ್ಲ. ಅವನ ಮನೆಗೆ ಬರುವವರು ಹಾರಿಕೊಂಡೇ ಬರಬೇಕು! ಪುಣ್ಯಕ್ಕೆ ಅವರಿಬ್ಬರೂ ಇವನ ಮಾತು ನಂಬದೆ ನೇರವಾಗಿ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಂಡಿದ್ದರು. "ಇದ್ನ ಮದ್ದೂರ್ ಕಾಡ್ ದಾರೀಲಿ ಬುಟ್ಬುಟ್ಟು ಬಾ, ಚಿರತೆಗಾದ್ರೂ ಉಪಯೋಗ ಆಗ್ಲಿ," ಎಂದು ನಾನು ಅಂದೇ ಹೇಳಿದ್ದೆ. ಮೂರು ತಿಂಗಳು ನನ್ನ ಫೋನು ಎತ್ತಲಿಲ್ಲ.

ಉಪ್ಪಿಟ್ಟು ಮಾಡಿ ಬಡಿಸಿದೆ. ನೋಡಿದರೆ ಮಹಾರಾಯ ಬಲಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡು, ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದಾನೆ!

"ಇದ್ಯಾವ್ ಹೊಸ ವೇಷ?"

"ಕೈ ಉಳುಕ್ಬುಟ್ಟದೆ ಕಣಕ್ಕ."

ಅರವತ್ತೆರಡು ವರ್ಷದವನಿಗೆ ಊಟದ ಕೈ ಯಾವುದೆಂದು ಹೇಳಿಕೊಡಬೇಕೇ? ಹೇಳಿಕೊಟ್ಟೆ. ಹತ್ತು ನಿಮಿಷ ಹೇಳಿಕೊಟ್ಟೆ. ತಲೆ ತಗ್ಗಿಸಿಕೊಂಡು ತಿಂದ.

ಅಷ್ಟರಲ್ಲಿ ಗೇಟಿನ ಹೊರಗಿಂದ ಪಕ್ಕದ ಮನೆಯಾಕೆ ಕೂಗಿದಳು. "ಅಣ್ಣೋ, ಇನ್ನೊಸಿ ಸುಣ್ಣ ಕೊಡಿ. ಮಗೀಗೆ ಕಾಲು ಉರೀತದಂತೆ."

ನನ್ನ ಕಿವಿ ನೆಟ್ಟಗಾಯಿತು. "ಕಾಲ್ಗೇನಾಯ್ತು?"

"ಆರೂವರೇಲಿ ಹಾಲ್ಗೆ ಬಂದಿದ್ಲು ಕಣಮ್ಮ, ಸಾಧು ಹಿಡ್ಕತ್ತು. ಪರ್ವಾಗಿಲ್ವಂತೆ ಬುಡಿ. ನಾಯ್ಗೆ ಸೂಜಿ ಆಕ್ಸವ್ರಲ್ಲ, ಅಣ್ಣ ಚೀಟಿ ತೋರ್ಸುದ್ರು. ಸುಣ್ಣಾನೂ ಅವ್ರೇ ಹಚ್ಚುದ್ರು."

ಮಗು ಮೂರನೆಯ ಕ್ಲಾಸು. ಇವನು ಹಚ್ಚಿದ್ದು ಎಲೆಯಡಿಕೆ ಡಬ್ಬಿಯ ಸುಣ್ಣ!

"ತತ್ತಾ ಆ ಚೀಟಿ," ಎಂದೆ. ತಂದ. ಲ್ಯಾಮಿನೇಷನ್ ಮಾಡಿಸಿದ್ದ. ಎರಡು ವರ್ಷದಿಂದ ಬೀದಿಗೆಲ್ಲ ದೂರದಿಂದ ತೋರಿಸುತ್ತಿದ್ದ ಚೀಟಿ ಅದು. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದೆ. ಬಣ್ಣ: ಕಪ್ಪು ಬಿಳುಪು. ಲಸಿಕೆ: ಕಾಲುಬಾಯಿ ರೋಗ. ಹಾಕಿದ ಕರು: ಎರಡು.

"ಸಾಧು ಎಲ್ ಕರು ಹಾಕ್ತೋ?"

ಎಡಗೈಯಲ್ಲಿ ಚೀಟಿ ಈಸಿಕೊಂಡು ತಾನೂ ಓದಿದ. "ಅಕ್ಕ... ದನದ ಡಾಕ್ಟ್ರು ಮನೇಗ್ ಬಂದಿದ್ರು. ನಾನು ಗದ್ದೇಲಿದ್ದೆ. ಮನೇಲಿದ್ದ ಜೀವಕ್ಕೆಲ್ಲ ಒಟ್ಗೆ ಆಕೋದ್ರು ಅನ್ಕಂಡಿದ್ದೆ..."

ಹಸುವಿನ ಕಾಲಿಗೆ ಹಾಕಿದ ಲಸಿಕೆ ನಾಯಿಯ ಹಲ್ಲಿಗೆ ಇಳಿಯುತ್ತದೆಯೇ? ಓದಲು ಬಾರದವನಾದರೆ ಕ್ಷಮಿಸಬಹುದು. ಇವನು ದಿನಾ ಎರಡು ಪೇಪರು ಓದುತ್ತಾನೆ!

ಹುಚ್ಚುನಾಯಿ ರೋಗ ಒಂದು ಸಲ ಬಂತೆಂದರೆ ಮದ್ದಿಲ್ಲ. ಬರುವ ಮುಂಚೆ ಮಾತ್ರ ಇದೆ. ಮೊದಲು ನಾಯಿಯನ್ನು ಕಟ್ಟಿಸಿದೆ, ಸೋಮವಾರವೇ! ಎಡಗೈಯಲ್ಲಿ ಕೊಂಡಿ ಸಿಕ್ಕಿಸಲು ಐದು ನಿಮಿಷ ತಿಣುಕಿದ. ಆಮೇಲೆ ಮಗುವನ್ನು ಕರೆಸಿ ನಲ್ಲಿಯ ಕೆಳಗೆ ಕೂರಿಸಿದೆ. ಸೋಪು ಹಾಕಿ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಗಾಯ ತೊಳೆದೆ. "ಅಳ್ಬೇಡ ಕಣಮ್ಮಿ, ಸುಣ್ಣ ಹೋದ್ರೆ ಉರೀನೂ ಹೋಯ್ತದೆ," ಎಂದೆ. ಮೀನಖಂಡದಲ್ಲಿ ಎರಡೇ ಹಲ್ಲಿನ ಗುರುತು. ಆಟೋ ಹಿಡಿದು, ಮಗುವಿನ ತಾಯಿಯೂ ಸೇರಿ ನಾಲ್ವರೂ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಬೈದೆ. ಆಟೋ ಡ್ರೈವರೂ ನಡುನಡುವೆ "ನಿಜ ಕಣಮ್ಮ," ಎನ್ನುತ್ತಿದ್ದ.

ಡಾಕ್ಟರಮ್ಮ ಸೂಜಿ ಹಾಕಿದರು. ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ತಪ್ಪದೆ ಬನ್ನಿ, ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡುತ್ತಿರಿ, ಆಮೇಲೆ ಅದಕ್ಕೂ ಲಸಿಕೆ ಹಾಕಿಸಿ ಎಂದರು. ಎಂಥ ಅಚ್ಚುಕಟ್ಟಾದ ಹೆಂಗಸು! ಆಮೇಲೆ ಮಗುವನ್ನು ಕೇಳಿದರು, "ಗಾಯ ದೊಡ್ಡದಾಗಿಲ್ಲ. ನಾಯಿ ತಾನೇ ಬಿಡ್ತಾ ಪುಟ್ಟಿ?"

"ಇಲ್ಲ," ಎಂದಳು ಮಗು. "ತಾತ ಅದ್ರ ಬಾಯೊಳಕ್ಕೆ ಕೈ ಆಕುದ್ರು."

ನಾವೆಲ್ಲ ಅವನ ಟವೆಲಿನ ಕಡೆ ನೋಡಿದೆವು. ಅವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಎರಡನೇ ಕ್ಲಾಸಿನಲ್ಲಿ ಸ್ಲೇಟು ಒಡೆದು ಬಂದ ದಿನವೂ ಹೀಗೇ ನಿಂತಿದ್ದ.

"ತೋರ್ಸ್ಲಾ."

ಟವೆಲು ಬಿಚ್ಚಿದೆ. ಹೆಬ್ಬೆರಳ ಬುಡದಲ್ಲಿ ಆಳವಾದ ನಾಲ್ಕು ತೂತು. ಕೈಯೆಲ್ಲ ಬಾತಿತ್ತು.

"ಬೆಳ್ಗಿಂದ ಯಾಕ್ ಹೇಳ್ಲಿಲ್ಲ?"

"ಯೋಳುದ್ರೆ ನೀನು ಸಾಧೂನ ಮದ್ದೂರ್ ಕಾಡ್ಗೆ ಬುಟ್ಬತ್ತೀಯ ಅಂತ," ಎಂದ. "ಮಗೀಗೇನೂ ಆಗಕಿಲ್ಲ ಅಲ್ವಕ್ಕ? ನಂಗೇನಾದ್ರೂ ಆಗ್ಲಿ, ಅದ್ಕೆ..."

ಆಸ್ಪತ್ರೆಯ ನಲ್ಲಿಯ ಹತ್ತಿರ ಅವನನ್ನು ಕರೆದುಕೊಂಡು ಹೋಗಿ ಸೋಪು ಹಾಕಿ ಆ ಕೈ ತೊಳೆದೆ. ಎಷ್ಟು ನಿಮಿಷ ತೊಳೆದೆನೋ ಗೊತ್ತಿಲ್ಲ. ಗಡಿಯಾರ ನೋಡಲಿಲ್ಲ.

ಅವನಿಗೂ ಸೂಜಿಗಳಾದವು. ಮನೆಗೆ ಬಂದು ಮಗುವಿನ ಚೀಟಿಯಲ್ಲಿದ್ದ ದಿನಗಳನ್ನೂ ಅವನ ಚೀಟಿಯಲ್ಲಿದ್ದ ದಿನಗಳನ್ನೂ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿದೆ. ನಾಯಿಯ ಲಸಿಕೆಗೆ ಬೇರೆ ಗುರುತು. ಸೋಮವಾರಗಳ ಮೇಲೆಲ್ಲ 'ಸರಪಳಿ' ಎಂದು ಬರೆಯುವಾಗ ಕ್ಯಾಲೆಂಡರನ್ನು ಅವನೇ ಹಿಡಿದುಕೊಂಡಿದ್ದ. ಇನ್ನುಳಿದದ್ದು ಒಂದೇ ಕೆಲಸ. ಬೋರ್ಡನ್ನು ಬಿಚ್ಚಿ ಗೇಟಿನ ಹೊರಮುಖಕ್ಕೆ ಹಿಡಿದೆ.

"ನಾನ್ ಕಟ್ತೀನಿ ಕೊಡು," ಎಂದು ಎಡಗೈಯಲ್ಲಿ ತಂತಿ ಈಸಿಕೊಂಡ. ಜಗಲಿಯ ಕಂಬಕ್ಕೆ ಕಟ್ಟಿದ್ದ ಸಾಧು ಕಿವಿ ನಿಮಿರಿಸಿ ಇತ್ತಲೇ ನೋಡುತ್ತಿತ್ತು. ತಮ್ಮ ದನಿ ತಗ್ಗಿಸಿದ. "ಅಕ್ಕ, ಅದ್ಕೆ ಕಾಣ್ದಂಗೆ ಒಸಿ ಅಡ್ಡ ನಿಂತ್ಕೊ."

ಸೆರಗು ಹರಡಿಕೊಂಡು ಅಡ್ಡ ನಿಂತೆ. ಬೋರ್ಡು ಕಟ್ಟಿ ಮುಗಿದಾಗ ಸಂಜೆ ಆರು ಗಂಟೆ ಐದು ನಿಮಿಷ.